ಕಾಸರಗೋಡಿನಿಂದ ಸೈಕಾಲಜಿ ಡಿಗ್ರಿ: ಪ್ಲಸ್ ಟು ಮುಗಿಸಿದ ಕನ್ನಡ ಮಕ್ಕಳಿಗೆ

ಪ್ಲಸ್ ಟು ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಉಪ್ಪಳ, ಎಲ್ಲ ಕಡೆಯಿಂದ ಒಂದೇ ಪ್ರಶ್ನೆ: "ಟೀಚರ್, ಸೈಕಾಲಜಿಗೆ ಸೇರಿದರೆ ಹೇಗೆ?" ನಾನು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಕಲಿತು, ಸೈಕಾಲಜಿಯಲ್ಲಿ ಡಿಗ್ರಿ, ಪಿಜಿ ಮುಗಿಸಿ, ಈಗ ಶಾಲೆಯೊಂದರಲ್ಲಿ ಕೌನ್ಸಿಲರ್ ಆಗಿದ್ದೇನೆ. ಫೋನಿನಲ್ಲಿ ಹತ್ತು ನಿಮಿಷದಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಬರೆದಿದ್ದೇನೆ.

ಅರ್ಜಿ ಹಾಕುವ ಮೊದಲು ಮೂರು ಸಂಜೆ ಓದಿ

"ಎದುರಿನವರ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯುತ್ತದೆ" ಎಂದುಕೊಂಡು ಸೇರುವವರು ತುಂಬ. ಹಾಗೆ ತಿಳಿಯುವುದಿಲ್ಲ. ಸೈಕಾಲಜಿ ಕಲಿಸುವುದು ಮನಸ್ಸಿನ ಬಗ್ಗೆ ಹೇಳುವ ಒಂದು ಮಾತನ್ನು ಹೇಗೆ ಪರೀಕ್ಷಿಸಬೇಕು ಎನ್ನುವುದನ್ನು. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ಪ್ರಯೋಗಾಲಯ ತೆರೆದಾಗಿನಿಂದ ಈ ವಿಷಯದ ಬೆನ್ನೆಲುಬು ಅಳತೆ ಮತ್ತು ಪ್ರಯೋಗ. ನಮ್ಮ ಕಡೆಗೂ ಅದು ಹೊಸತಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲೇ ಸೈಕಾಲಜಿ ವಿಭಾಗ ಕಟ್ಟಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ' ರೇಡಿಯೋ ಶುರು ಮಾಡಿದವರೂ ಇವರೇ.

ಅಪ್ಲೈಡ್ ಸೈಕಾಲಜಿ ಅಂದರೆ ಈ ವಿದ್ಯೆಯನ್ನು ಆಸ್ಪತ್ರೆ, ಶಾಲೆ, ಕಾರ್ಖಾನೆ, ಆಟದ ಮೈದಾನ, ಪುನರ್ವಸತಿ ಕೇಂದ್ರ ಹೀಗೆ ಕೆಲಸದ ಜಾಗಕ್ಕೆ ಒಯ್ಯುವುದು. ನಮ್ಮ ಕಡೆಯ ಕಾಲೇಜುಗಳಲ್ಲಿ ಹೆಚ್ಚಾಗಿ ಕೋರ್ಸಿನ ಹೆಸರು ಬಿಎಸ್ಸಿ ಸೈಕಾಲಜಿ ಅಥವಾ ಬಿಎ ಎಂದಷ್ಟೇ ಇರುತ್ತದೆ. 'ಅಪ್ಲೈಡ್' ಎಂಬ ಪದ ಇಲ್ಲವೆಂದು ಹೆದರಬೇಡಿ. ಸಿಲೆಬಸ್ ತೆರೆದು ಮೂರು ಸಂಗತಿ ನೋಡಿ: ಸ್ಟ್ಯಾಟಿಸ್ಟಿಕ್ಸ್ ಎಷ್ಟು ಸೆಮಿಸ್ಟರ್, ಪ್ರಾಕ್ಟಿಕಲ್ ಎಷ್ಟು ಗಂಟೆ, ಇಂಟರ್ನ್‌ಶಿಪ್ ಕಡ್ಡಾಯವೋ ಇಲ್ಲವೋ. ಈ ಮೂರೂ ಇದ್ದರೆ ಅದು ಒಳ್ಳೆಯ ಕೋರ್ಸ್.

ಪ್ಲಸ್ ಟುವಿನಲ್ಲಿ ಸೈಕಾಲಜಿ ಓದಿರದಿದ್ದರೆ ಎನ್‌ಸಿಇಆರ್‌ಟಿಯ 11ನೇ ತರಗತಿಯ ಸೈಕಾಲಜಿ ಪಠ್ಯವನ್ನು ಅವರ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ದುಡ್ಡು ಕೊಡಬೇಕಾಗಿಲ್ಲ. ಸಂಶೋಧನಾ ವಿಧಾನಗಳ ಅಧ್ಯಾಯವನ್ನು ಮೂರು ಸಂಜೆ ಓದಿ. ಅದು ಆಸಕ್ತಿ ಹುಟ್ಟಿಸಿದರೆ ಸೇರಿ. ಬೇಜಾರಾದರೆ ಇನ್ನೊಮ್ಮೆ ಯೋಚಿಸಿ, ಯಾಕೆಂದರೆ ಮುಂದಿನ ವರ್ಷಗಳು ಪೂರ್ತಿ ಅದರ ಮೇಲೆಯೇ ನಿಂತಿವೆ.

ಈಚೆ ಓದುವುದಾ, ಆಚೆ ಓದುವುದಾ

ತಲಪಾಡಿ ಗಡಿ ನಮಗೆ ಬರೀ ಒಂದು ಚೆಕ್‌ಪೋಸ್ಟ್ ಇರಬಹುದು. ಯೂನಿವರ್ಸಿಟಿಗಳಿಗೆ ಅದು ದೊಡ್ಡ ಗೋಡೆ.

ಈಚೆ, ಅಂದರೆ ಕಣ್ಣೂರು ಯೂನಿವರ್ಸಿಟಿಯ ಕೆಳಗೆ, 2024ರಿಂದ ನಾಲ್ಕು ವರ್ಷದ ಡಿಗ್ರಿ ಪದ್ಧತಿ ಬಂದಿದೆ. ಮೂರು ವರ್ಷಕ್ಕೆ ಸಾಕು ಅಂದರೆ ಸಾಮಾನ್ಯ ಡಿಗ್ರಿ ಪಡೆದು ಹೊರಗೆ ಬರಬಹುದು. ನಾಲ್ಕನೆಯ ವರ್ಷವನ್ನೂ ಮುಗಿಸಿದರೆ ಆನರ್ಸ್. ಅಡ್ಮಿಷನ್ ಸಿಂಗಲ್ ವಿಂಡೋ ಮೂಲಕ. ಟ್ರಯಲ್ ಅಲಾಟ್‌ಮೆಂಟ್, ಅಂದರೆ ಸೀಟು ಹಂಚಿಕೆಯ ಕರಡು ಪಟ್ಟಿ, ಬಂದಾಗ ಅದನ್ನು ಸುಮ್ನೆ ನೋಡಿ ಬಿಡಬೇಡಿ. ಆಪ್ಷನ್‌ಗಳ ಕ್ರಮ ತಿದ್ದಲು ಸಿಗುವ ಅವಕಾಶ ಅದು. ಸೈಕಾಲಜಿ ಸೀಟು ಕಡಿಮೆ, ಕಾಲೇಜುಗಳೂ ಕಡಿಮೆ. ಹಾಗಾಗಿ ಕಣ್ಣೂರಿನವರೆಗಿನ ಕಾಲೇಜುಗಳನ್ನೂ ಆಪ್ಷನ್‌ನಲ್ಲಿ ಸೇರಿಸಿ.

ಆಚೆ ಮಂಗಳೂರು. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ರೈಲಿನಲ್ಲಿ ದಿನಾ ಹೋಗಿ ಬರಬಹುದಾದ ದೂರ. ಕರ್ನಾಟಕ ಸರಕಾರ 2024ರಲ್ಲಿ ನಾಲ್ಕು ವರ್ಷದ ಪದ್ಧತಿ ಬಿಟ್ಟು ಮೂರು ವರ್ಷಕ್ಕೆ ಮರಳಿದೆ. ಡೀಮ್ಡ್ ಮತ್ತು ಸ್ವಾಯತ್ತ ಸಂಸ್ಥೆಗಳ ನಿಯಮ ಬೇರೆ ಇರಬಹುದು, ಪ್ರಾಸ್ಪೆಕ್ಟಸ್ ನೋಡಿಯೇ ಫೀಸ್ ಕಟ್ಟಿ. ಅಲ್ಲಿ ಕನ್ನಡ ಮಾತಾಡಿಕೊಂಡು ಇರಬಹುದು ಎನ್ನುವುದು ದೊಡ್ಡ ಸಮಾಧಾನ. ಆದರೆ ಖಾಸಗಿ ಕಾಲೇಜಿನ ಫೀಸ್ ಜಾಸ್ತಿ.

ಆಚೆ ಓದಿ ಮತ್ತೆ ಈಚೆ ಪಿಜಿಗೋ ಸರಕಾರಿ ಕೆಲಸಕ್ಕೋ ಬರುವವರು ಈಕ್ವಿವಲೆನ್ಸಿ ಸರ್ಟಿಫಿಕೇಟ್ ಬಗ್ಗೆ ಮೊದಲೇ ಕೇಳಿಟ್ಟುಕೊಳ್ಳಿ. ನಿಮ್ಮ ಡಿಗ್ರಿ ಇಲ್ಲಿನ ಡಿಗ್ರಿಗೆ ಸಮ ಎಂದು ಇಲ್ಲಿನ ಯೂನಿವರ್ಸಿಟಿ ಕೊಡುವ ಕಾಗದ ಅದು. ಕೊನೇ ತಾರೀಖಿನ ಹಿಂದಿನ ದಿನ ಅದಕ್ಕೆ ಓಡಿದರೆ ಸಿಗುವುದಿಲ್ಲ. ಹಾಗೆ ಸೀಟು ಕಳೆದುಕೊಂಡವರನ್ನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ಮಾತು ತುಂಬ ಮುಖ್ಯ. ಸೈಕಾಲಜಿಯನ್ನು ದೂರ ಶಿಕ್ಷಣದಲ್ಲಿ ಅಥವಾ ಆನ್‌ಲೈನ್ ಡಿಗ್ರಿಯಾಗಿ ಮಾಡುತ್ತೇನೆ ಅಂತ ಯೋಚಿಸಿದ್ದರೆ ಬಿಟ್ಟುಬಿಡಿ. 2025ರ ಜುಲೈ-ಆಗಸ್ಟ್ ಸೆಷನ್ನಿನಿಂದ ಆ ಎರಡೂ ದಾರಿಯಲ್ಲಿ ಸೈಕಾಲಜಿಗೆ ಹೊಸದಾಗಿ ಸೇರಿಸಿಕೊಳ್ಳಬಾರದು ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಲ್ಲಿಸಿದೆ. "ಮನೆಯಲ್ಲೇ ಕೂತು ಸೈಕಾಲಜಿ ಡಿಗ್ರಿ" ಎಂದು ಯಾರಾದರೂ ಫೋನ್ ಮಾಡಿದರೆ ದುಡ್ಡು ಕೊಡಬೇಡಿ.

ಮೊದಲ ಸೆಮಿಸ್ಟರ್: ಮೂರು ಕಾಲಂನ ನೋಟ್‌ಬುಕ್

ಪಾಠ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳಂನಲ್ಲಿ, ನಿಮ್ಮ ಯೋಚನೆ ಕನ್ನಡದಲ್ಲಿ, ಮನೆ ಮಾತು ತುಳುವೋ ಹವ್ಯಕವೋ ಮರಾಠಿಯೋ ಬ್ಯಾರಿಯೋ. ಮೊದಲ ಎರಡು ತಿಂಗಳು ಕ್ಲಾಸಿನಲ್ಲಿ ಕೂತು ಏನೂ ತಲೆಗೆ ಹೋಗದೆ ರಾತ್ರಿ ಅತ್ತವರು ಇದ್ದಾರೆ. ನಾನೂ ಅತ್ತಿದ್ದೇನೆ. ಅದು ದಡ್ಡತನ ಅಲ್ಲ, ಭಾಷೆಯ ಭಾರ.

ನನಗೆ ಉಪಯೋಗವಾದ ಕ್ರಮ ಇದು. ನೂರು ಪುಟದ ಉದ್ದ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ. ಮೊದಲನೆಯದರಲ್ಲಿ ಇಂಗ್ಲಿಷ್ ಪದ. ಎರಡನೆಯದರಲ್ಲಿ ಅದರ ಅರ್ಥ ನಿಮ್ಮದೇ ಕನ್ನಡದಲ್ಲಿ, ಒಂದೇ ವಾಕ್ಯ. ಮೂರನೆಯದರಲ್ಲಿ ನಿಮ್ಮ ಮನೆಯದ್ದೋ ಊರಿನದ್ದೋ ಒಂದು ಉದಾಹರಣೆ. ಗೂಗಲ್‌ನಿಂದ ಅನುವಾದ ತಂದು ಹಾಕಬೇಡಿ. 'ರಿಲಯಬಿಲಿಟಿ', 'ವ್ಯಾಲಿಡಿಟಿ' ಎನ್ನುವ ಎರಡು ಪದ ನನಗೆ ಯಾವಾಗಲೂ ಅದಲುಬದಲಾಗುತ್ತಿತ್ತು. ಕೊನೆಗೆ ಮೂರನೇ ಕಾಲಂನಲ್ಲಿ ಹೀಗೆ ಬರೆದೆ: "ಅಂಗಡಿಯ ತಕ್ಕಡಿ ಪ್ರತಿ ಸಲವೂ ನೂರು ಗ್ರಾಂ ಜಾಸ್ತಿ ತೋರಿಸುತ್ತದೆ. ಎಷ್ಟು ಸಲ ತೂಗಿದರೂ ಅದೇ ಉತ್ತರ, ಹಾಗಾಗಿ ರಿಲಯಬಿಲಿಟಿ ಉಂಟು. ಸರಿಯಾದ ತೂಕ ಮಾತ್ರ ಅಲ್ಲ, ಹಾಗಾಗಿ ವ್ಯಾಲಿಡಿಟಿ ಇಲ್ಲ." ಆಮೇಲೆ ಯಾವತ್ತೂ ಮರೆಯಲಿಲ್ಲ.

ಪರೀಕ್ಷೆಗೆ ಇಂಗ್ಲಿಷಿನಲ್ಲೇ ಬರೆಯಬೇಕು. ಅದಕ್ಕೆ ವಾರಕ್ಕೆ ಎರಡು ಸಲ, ಪುಸ್ತಕ ಮುಚ್ಚಿ, ಎರಡನೇ ಕಾಲಂ ಮಾತ್ರ ನೋಡಿಕೊಂಡು ಒಂದು ಪುಟ ಇಂಗ್ಲಿಷಿನಲ್ಲಿ ಬರೆಯಿರಿ. ಸಣ್ಣ ವಾಕ್ಯ ಸಾಕು. ಮಲಯಾಳಂ ಓದಲು ಬಾರದವರು ಈ ಆರು ತಿಂಗಳಲ್ಲೇ ಕಲಿಯಿರಿ. ಬಸ್ಸಿನ ಬೋರ್ಡು, ಪತ್ರಿಕೆಯ ತಲೆಬರಹ ಓದುತ್ತಾ ಹೋದರೆ ಬರುತ್ತದೆ. ಮುಂದೆ ಆಸ್ಪತ್ರೆಯಲ್ಲಿ ಕೇಸ್ ಫೈಲ್ ಓದುವಾಗ ಬೇಕೇ ಬೇಕು.

ಸ್ಟ್ಯಾಟಿಸ್ಟಿಕ್ಸ್: ಬಸ್ ಸ್ಟಾಂಡಿನಲ್ಲಿ ಕಲಿಯಿರಿ

ಹ್ಯುಮಾನಿಟೀಸ್‌ನಿಂದ ಬಂದವರು ಇಲ್ಲಿ ಹೆದರಿ ಕೈಬಿಡುತ್ತಾರೆ. ಬೇಕಾಗಿರುವುದು ಹೈಸ್ಕೂಲಿನ ಲೆಕ್ಕ ಅಷ್ಟೇ. ಒಂದನ್ನು ಇಲ್ಲಿಯೇ ಮಾಡಿ ತೋರಿಸುತ್ತೇನೆ.

ಐದು ದಿನ ನೀವು ಬಸ್ಸಿಗೆ ಕಾದ ನಿಮಿಷಗಳು: 14, 15, 15, 15, 16. ಸರಾಸರಿ 15. ನಿಮ್ಮ ಗೆಳತಿ ಬೇರೆ ರೂಟಿನಲ್ಲಿ ಕಾದದ್ದು: 5, 10, 15, 20, 25. ಸರಾಸರಿ ಇದಕ್ಕೂ 15. ಎರಡು ರೂಟೂ ಒಂದೇ ಅಂತ ಹೇಳಬಹುದಾ? ಆಗುವುದಿಲ್ಲ ಅಲ್ವಾ. ಪ್ರತಿ ಸಂಖ್ಯೆ 15ರಿಂದ ಎಷ್ಟು ದೂರ ಎಂದು ನೋಡಿ. ಗೆಳತಿಯದ್ದು −10, −5, 0, 5, 10. ವರ್ಗ ಮಾಡಿ: 100, 25, 0, 25, 100. ಒಟ್ಟು 250. ಐದರಿಂದ ಭಾಗಿಸಿದರೆ 50. ಅದರ ವರ್ಗಮೂಲ ಸುಮಾರು 7.1. ನಿಮ್ಮದಕ್ಕೆ ಇದೇ ಲೆಕ್ಕ ಮಾಡಿದರೆ ಸುಮಾರು 0.6. ಸ್ಟ್ಯಾಂಡರ್ಡ್ ಡೀವಿಯೇಷನ್ ಅಂದರೆ ಇಷ್ಟೇ. ಸರಾಸರಿ ಮುಚ್ಚಿಡುವ ಏರುಪೇರನ್ನು ಅದು ಹೊರಗೆ ತೋರಿಸುತ್ತದೆ. ನಲವತ್ತು ಮಂದಿಯ ಬದಲು ಐದೇ ಮಂದಿಯ ಲೆಕ್ಕ ಕೈಯಲ್ಲಿ ಮಾಡಿ ಅಭ್ಯಾಸ ಮಾಡಿ. ಆಮೇಲೆ 'ಜಾಸ್ಪ್' ಎಂಬ ಉಚಿತ ಸಾಫ್ಟ್‌ವೇರಿಗೆ ಹೋಗಿ. ಕೈಲೆಕ್ಕ ಮಾಡದೆ ಸಾಫ್ಟ್‌ವೇರ್ ತೆರೆದವರಿಗೆ ಅದು ಕೊಡುವ ಟೇಬಲ್ ಅರ್ಥವಾಗುವುದಿಲ್ಲ. ಒಂದು ಎಚ್ಚರಿಕೆ: ಕೆಲವು ಪುಸ್ತಕಗಳು ಮತ್ತು ಸಾಫ್ಟ್‌ವೇರ್‌ಗಳು ಐದರ ಬದಲು ನಾಲ್ಕರಿಂದ ಭಾಗಿಸುತ್ತವೆ. ಯಾಕೆ ಅಂತ ಟೀಚರ್ ಹತ್ತಿರ ಕೇಳಿ. ಒಳ್ಳೆಯ ಪ್ರಶ್ನೆ ಅದು.

ಕೋರಿಲೇಷನ್, ಅಂದರೆ ಎರಡು ಸಂಗತಿ ಒಟ್ಟಿಗೆ ಏರಿಳಿಯುವುದು, ಅದಕ್ಕೆ ನಮ್ಮ ತೋಟವೇ ಸಾಕು. ಕೊಡೆ ಮಾರಾಟ ಜಾಸ್ತಿಯಾದ ತಿಂಗಳಲ್ಲಿ ಅಡಿಕೆಗೆ ಕೊಳೆರೋಗವೂ ಜಾಸ್ತಿ. ಕೊಡೆಯಿಂದ ಕೊಳೆ ಬಂದದ್ದಲ್ಲ, ಎರಡಕ್ಕೂ ಕಾರಣ ಮಳೆ. "ಮೊಬೈಲ್ ನೋಡುವ ಮಕ್ಕಳಿಗೆ ಮಾರ್ಕ್ ಕಡಿಮೆ" ಎಂಬ ಸುದ್ದಿ ಓದಿದಾಗ ಮೊದಲು ಹುಡುಕಬೇಕಾದ್ದು ಆ ಮಳೆಯನ್ನು.

ಪ್ರಾಕ್ಟಿಕಲ್: ಒಂದನ್ನು ಮನೆಯಲ್ಲೇ ಮಾಡಿ ನೋಡಿ

ಪ್ರಾಕ್ಟಿಕಲ್ ರೆಕಾರ್ಡನ್ನು ಸೀನಿಯರ್‌ದಿಂದ ನಕಲು ಮಾಡುವುದು ಎಲ್ಲಾ ಕಡೆ ಉಂಟು. ದಯವಿಟ್ಟು ಹಾಗೆ ಮಾಡಬೇಡಿ. ಕೈ ಪಳಗುವುದು ಅಲ್ಲಿ ಮಾತ್ರ.

1935ರಲ್ಲಿ ಜಾನ್ ರಿಡ್ಲಿ ಸ್ಟ್ರೂಪ್ ಪ್ರಕಟಿಸಿದ ಪ್ರಯೋಗ ನಮ್ಮ ಊರಿಗೆ ಹೇಳಿ ಮಾಡಿಸಿದಂತಿದೆ. ಸ್ಕೆಚ್ ಪೆನ್ ತಗೊಳ್ಳಿ. ಒಂದು ಹಾಳೆಯಲ್ಲಿ ಇಪ್ಪತ್ತು ಬಣ್ಣದ ಚೌಕ ಬರೆಯಿರಿ: ಕೆಂಪು, ಹಸಿರು, ನೀಲಿ, ಹಳದಿ, ಕ್ರಮ ತಪ್ಪಿಸಿ. ಇನ್ನೊಂದು ಹಾಳೆಯಲ್ಲಿ ಇಪ್ಪತ್ತು ಕನ್ನಡ ಪದ. 'ಕೆಂಪು' ಎಂಬ ಪದವನ್ನು ಹಸಿರು ಶಾಯಿಯಲ್ಲಿ, 'ನೀಲಿ'ಯನ್ನು ಹಳದಿಯಲ್ಲಿ, ಹೀಗೆ ಎಲ್ಲವನ್ನೂ ತಪ್ಪು ಬಣ್ಣದಲ್ಲಿ ಬರೆಯಿರಿ. ತಮ್ಮನನ್ನೋ ಚಿಕ್ಕಮ್ಮನನ್ನೋ ಕೂರಿಸಿ, ಮೊದಲು ಚೌಕಗಳ ಬಣ್ಣ ಹೇಳಿಸಿ, ಆಮೇಲೆ ಪದಗಳ ಶಾಯಿಯ ಬಣ್ಣ ಹೇಳಿಸಿ. ಎರಡಕ್ಕೂ ಮೊಬೈಲ್ ಸ್ಟಾಪ್‌ವಾಚ್ ಹಿಡಿಯಿರಿ. ಎರಡನೆಯದಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ. ಓದುವುದು ತಾನಾಗಿಯೇ ನಡೆದುಹೋಗುತ್ತದೆ, ಅದನ್ನು ತಡೆದು ಬಣ್ಣ ಹೇಳಬೇಕಲ್ಲ.

ಈಗ ಇದನ್ನೇ ಮಲಯಾಳಂ ಅಕ್ಷರದಲ್ಲಿ ಮಾಡಿ: ಚುವಪ್ಪ್, ಪಚ್ಚ, ನೀಲ, ಮಞ್ಞ. ಉತ್ತರವೂ ಮಲಯಾಳಂನಲ್ಲೇ ಇರಲಿ. ಚೌಕಗಳ ಬಣ್ಣವನ್ನೂ ಒಮ್ಮೆ ಮಲಯಾಳಂನಲ್ಲಿ ಹೇಳಿಸಿ ಸಮಯ ಬರೆದಿಡಿ. ಪದಗಳಿಗೆ ಹಿಡಿದ ಸಮಯದಿಂದ ಚೌಕಗಳ ಸಮಯ ಕಳೆದರೆ ಉಳಿಯುವುದೇ ಓದಿನ ಅಡ್ಡಿ. ಮಲಯಾಳಂ ಅಕ್ಷರವನ್ನು ತಡವರಿಸಿ ಓದುವವರಿಗೆ ಸಾಮಾನ್ಯವಾಗಿ ಅಡ್ಡಿ ಕಡಿಮೆ ಇರುತ್ತದೆ. ಓದು ಎಷ್ಟು ಸಲೀಸೋ ಅಡ್ಡಿಯೂ ಅಷ್ಟು. ಅರ್ಧ ಜನಕ್ಕೆ ಕನ್ನಡ ಮೊದಲು, ಅರ್ಧ ಜನಕ್ಕೆ ಮಲಯಾಳಂ ಮೊದಲು ಕೊಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಎರಡನೇ ಸಲದ ಅಭ್ಯಾಸವೂ ಲೆಕ್ಕಕ್ಕೆ ಸೇರಿಹೋಗುತ್ತದೆ.

ಪ್ರಾಜೆಕ್ಟ್: ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವಾಗ

ನಾನು ಜಾಸ್ತಿ ಹೇಳಬೇಕೆಂದಿರುವುದು ಇದನ್ನೇ.

ಕೊನೇ ವರ್ಷದ ಪ್ರಾಜೆಕ್ಟಿಗೆ ನಾನು ಬೀಡಿ ಕಟ್ಟುವ ಹೆಂಗಸರ ಮಾನಸಿಕ ಒತ್ತಡವನ್ನು ಆರಿಸಿಕೊಂಡೆ. ಇಂಗ್ಲಿಷ್ ಪ್ರಶ್ನಾವಳಿಯನ್ನು ನಾನೇ ಒಂದು ರಾತ್ರಿ ಕೂತು ಅನುವಾದ ಮಾಡಿದೆ. ಯಾವುದರಲ್ಲೂ ಆಸಕ್ತಿ ಇಲ್ಲದ ಸ್ಥಿತಿಯನ್ನು ಕೇಳುವ ಒಂದು ವಾಕ್ಯಕ್ಕೆ "ನನಗೆ ಉದಾಸೀನ ಆಗುತ್ತದೆ" ಎಂದು ಬರೆದೆ. ನಿಘಂಟಿನಲ್ಲಿ ಅದು ಸರಿ. ಒಂದು ಮಧ್ಯಾಹ್ನ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದ ಅಕ್ಕ ಒಬ್ಬರಿಗೆ ಅದನ್ನು ಓದಿ ಹೇಳಿದೆ. ಅವರು ಎಲೆ ಸುತ್ತುವ ಬೆರಳು ನಿಲ್ಲಿಸದೆ, "ಮಧ್ಯಾಹ್ನ ಊಟ ಆದ ಮೇಲೆ ಉದಾಸೀನ ಆಗದವರು ಯಾರುಂಟು ಮಗಾ?" ಅಂದರು. ನಮ್ಮ ಕಡೆ ಉದಾಸೀನ ಅಂದರೆ ಸೋಮಾರಿತನ, ಮೈ ಜಡ. ಅಷ್ಟರಲ್ಲಿ ಮೂವತ್ತೊಂದು ಮಂದಿ 'ಹೌದು' ಎಂದು ಗುರುತು ಹಾಕಿಯಾಗಿತ್ತು. ಆ ಪ್ರಶ್ನೆಯನ್ನು ಪೂರ್ತಿ ಕೈಬಿಡಬೇಕಾಯಿತು.

ಅದರ ನಂತರ ಕಲಿತ ಕ್ರಮ: ಮೊದಲು ಒಬ್ಬರು ಕನ್ನಡಕ್ಕೆ ಅನುವಾದ ಮಾಡಬೇಕು. ಮೂಲ ನೋಡದ ಇನ್ನೊಬ್ಬರು ಆ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತರಬೇಕು. ಎರಡು ಇಂಗ್ಲಿಷನ್ನು ಪಕ್ಕಪಕ್ಕ ಇಟ್ಟು ಎಲ್ಲಿ ಜಾರಿದೆ ನೋಡಬೇಕು. ಇಷ್ಟನ್ನು ಪುಸ್ತಕವೂ ಹೇಳುತ್ತದೆ. ಆಮೇಲಿನದ್ದು ಇನ್ನೂ ಮುಖ್ಯ. ಐದಾರು ಮಂದಿಗೆ ಪ್ರಶ್ನೆ ಓದಿ, ಉತ್ತರ ಕೇಳುವ ಬದಲು, "ಇದನ್ನು ಕೇಳಿದಾಗ ನಿಮಗೆ ಏನು ಅರ್ಥ ಆಯಿತು, ನಿಮ್ಮ ಮಾತಲ್ಲಿ ಹೇಳಿ" ಅನ್ನಿ. ಅವರು ಹೇಳಿದ ಪದ ಬರೆದುಕೊಳ್ಳಿ. ನನ್ನ ಪಟ್ಟಿಯಲ್ಲಿ ಈಗ ಮಂಡೆಬಿಸಿ, ಬೇಜಾರು, ಕೈಕಾಲು ಬಿದ್ದುಹೋಗುವುದು, ಎದೆ ಢವಢವ, ಎಲ್ಲಾ ಇದೆ. ಯಾವ ಮಾತಿನ ಹಿಂದೆ ದುಃಖ ಇದೆ, ಯಾವುದರ ಹಿಂದೆ ಭಯ ಇದೆ ಎಂದು ತಿಳಿಯಲು ಈ ಪಟ್ಟಿ ಬೇಕು. ಕಣ್ಣೂರಿನ ಗೆಳತಿಗೂ ಬೆಂಗಳೂರಿನ ಗೆಳೆಯನಿಗೂ ಇದು ಸಿಗುವುದಿಲ್ಲ. ನಿಮಗೆ ಮನೆಯ ಜಗಲಿಯಲ್ಲೇ ಸಿಗುತ್ತದೆ.

ಊರಲ್ಲೇ ಇಂಟರ್ನ್‌ಶಿಪ್

ರಜೆಯಲ್ಲಿ ದೂರದ ಆಸ್ಪತ್ರೆಗೆ ದುಡ್ಡು ಕೊಟ್ಟು ಸರ್ಟಿಫಿಕೇಟ್ ತರುವ ಬದಲು ಊರಿನ ಬಡ್ಸ್ ಶಾಲೆಗೆ ಹೋಗಿ. ಬೌದ್ಧಿಕ ಸವಾಲಿರುವ ಮಕ್ಕಳಿಗಾಗಿ ಪಂಚಾಯತ್‌ಗಳು ಕುಟುಂಬಶ್ರೀ ಜೊತೆ ನಡೆಸುವ ಶಾಲೆಗಳಿವು. ನಮ್ಮ ಜಿಲ್ಲೆಯಲ್ಲಿ ಇವುಗಳ ಮಹತ್ವ ಬೇರೆಯೇ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು, ಕಾರಡ್ಕದಂಥ ಪಂಚಾಯತ್‌ಗಳ ಎಷ್ಟೋ ಮನೆಗಳಲ್ಲಿ ಅದರ ನೋವು ಇವತ್ತಿಗೂ ಇದೆ. ಅಂಥ ಮನೆಯ ತಾಯಿಯ ಪಕ್ಕ ಒಂದು ಗಂಟೆ ಕೂತರೆ, ಆರೈಕೆ ಮಾಡುವವರ ದಣಿವು ಅಂದರೇನು ಎಂದು ಯಾವ ಪಾಠವೂ ಕಲಿಸದಷ್ಟು ತಿಳಿಯುತ್ತದೆ. ಆದರೆ ಅವರನ್ನು ಪ್ರಾಜೆಕ್ಟಿನ ಸ್ಯಾಂಪಲ್ ಎಂದು ನೋಡಬೇಡಿ. ಕ್ಯಾಮೆರಾ ಹಿಡಿದು ಬಂದವರನ್ನು, ಫಾರ್ಮ್ ತುಂಬಿಸಿಕೊಂಡು ಹೋದವರನ್ನು ಅವರು ಬೇಕಾದಷ್ಟು ನೋಡಿದ್ದಾರೆ. ಮೊದಲ ವಾರ ಟೀಚರ್‌ಗೆ ಮಕ್ಕಳ ಊಟ ಬಡಿಸಲು ಸಹಾಯ ಮಾಡಿ, ಅಷ್ಟು ಸಾಕು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್‌ಗಳು, ಕುಡಿತ, ಮಾದಕ ವಸ್ತುಗಳ ಚಟ ಬಿಡಿಸುವ ವಿಮುಕ್ತಿ ಕೇಂದ್ರ, ಇವೂ ಇವೆ. ಕಾಲೇಜಿನಿಂದ ಪತ್ರ ತಗೊಂಡು ಹೋಗಿ ಕೇಳಿ.

ಎಲ್ಲಿ ಹೋದರೂ ಒಂದು ಮಾತು ಕೇಳುತ್ತೀರಿ: "ಪ್ರಶ್ನೆ ಇಡಿಸಿದೆವು, ದೋಷ ಕಂಡಿತು." ಕೆಲವರು ದೈವದ ನುಡಿ ಕೇಳಿರುತ್ತಾರೆ, ಕೆಲವರು ಉಸ್ತಾದರ ಹತ್ತಿರ ನೂಲು ಕಟ್ಟಿಸಿರುತ್ತಾರೆ. ನಗಬೇಡಿ, ತಿದ್ದಲೂ ಹೋಗಬೇಡಿ. "ಅಲ್ಲಿ ಏನು ಹೇಳಿದರು? ಆಮೇಲೆ ಹೇಗಿತ್ತು?" ಎಂದು ಕೇಳಿ. ರೋಗ ಯಾವಾಗ ಶುರುವಾಯಿತು, ಮನೆಯವರು ಏನು ಭಯಪಟ್ಟರು, ಎಲ್ಲವೂ ಆ ಕಥೆಯಲ್ಲೇ ಬರುತ್ತದೆ. ಔಷಧಿ ಮಾತ್ರ ನಿಲ್ಲಿಸಬಾರದು ಎನ್ನುವುದನ್ನು ಡಾಕ್ಟರ್ ಹೇಳುವಂತೆ ನೋಡಿಕೊಳ್ಳಿ.

ಗುಟ್ಟು, ಮತ್ತು ಗುಟ್ಟಿನ ಮಿತಿ

ನಮ್ಮದು ಎಲ್ಲರಿಗೂ ಎಲ್ಲರ ಪರಿಚಯ ಇರುವ ಊರು. ಹೆಸರು ಹೇಳದಿದ್ದರೂ "ಆ ತಿರುವಿನ ಮನೆ" ಅಂದರೆ ಬಸ್ಸಿನ ಹಿಂದಿನ ಸೀಟಿನವರಿಗೆ ಗೊತ್ತಾಗುತ್ತದೆ. ಹಾಗಾಗಿ ಕೇಸಿನ ಮಾತು ಬಸ್ಸಿನಲ್ಲಿ ಬೇಡ, ವಾಟ್ಸಾಪ್‌ನಲ್ಲಿ ಬೇಡ, ಅಮ್ಮನ ಹತ್ತಿರವೂ ಬೇಡ. ಮಾನಸಿಕ ರೋಗಿಯ ವಿವರ ಗುಟ್ಟಾಗಿರಬೇಕು ಎನ್ನುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲೂ ಇದೆ.

ಮಿತಿಯೂ ಇದೆ. ಮಗುವೊಂದು ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿದರೆ ಅದನ್ನು ಮುಚ್ಚಿಡುವಂತಿಲ್ಲ. 2012ರ ಪೋಕ್ಸೊ ಕಾಯಿದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. "ಯಾರಿಗೂ ಹೇಳುವುದಿಲ್ಲ" ಎಂದು ಮಗುವಿಗೆ ಮೊದಲೇ ಮಾತು ಕೊಡಬೇಡಿ. ಕೂಡಲೇ ನಿಮ್ಮ ಮೇಲಿನವರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098.

ಯಾರಾದರೂ ಸಾಯುವ ಮಾತಾಡಿದರೂ ಹಾಗೆಯೇ. ಡಿಗ್ರಿ ವಿದ್ಯಾರ್ಥಿ ಒಬ್ಬರೇ ಹೊರುವ ಭಾರ ಅಲ್ಲ ಅದು. ಅವರನ್ನು ಒಂಟಿಯಾಗಿ ಬಿಡಬೇಡಿ, ಮನೆಯವರನ್ನೋ ಟೀಚರನ್ನೋ ಕರೆಯಿರಿ, ಟೆಲಿ ಮಾನಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೂ ಮಾತಾಡುತ್ತಾರೆ. ನಿಮಗೇ ಕಷ್ಟ ಅನಿಸಿದರೂ ಅದೇ ನಂಬರ್. ಅಬ್‌ನಾರ್ಮಲ್ ಸೈಕಾಲಜಿ ಓದುವ ಸೆಮಿಸ್ಟರ್‌ನಲ್ಲಿ ಪ್ರತಿ ರೋಗವೂ ತನಗೇ ಇದೆ ಅನಿಸುವುದು ಮಾಮೂಲು. ನಿದ್ದೆ, ಊಟ ಕೆಟ್ಟರೆ ಮಾತ್ರ ತಡ ಮಾಡಬೇಡಿ.

ಡಿಗ್ರಿ ಆದ ಮೇಲೆ

ಬರೀ ಡಿಗ್ರಿಯಿಂದ ಕೌನ್ಸಿಲರ್ ಬೋರ್ಡ್ ಹಾಕಬೇಡಿ. ಶಾಲೆಯ ಕೌನ್ಸಿಲರ್ ಕೆಲಸಕ್ಕೆ ಸಾಮಾನ್ಯವಾಗಿ ಸೈಕಾಲಜಿ ಪಿಜಿ ಅಥವಾ ಎಂಎಸ್‌ಡಬ್ಲ್ಯು ಕೇಳುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ನೋಂದಣಿ ಬೇಕು. ಪಿಜಿಯ ಮೇಲೆ ಎರಡು ವರ್ಷದ ಎಂ.ಫಿಲ್ ಬಹುಕಾಲ ಅದರ ದಾರಿಯಾಗಿತ್ತು. ಈಗ ಹೊಸ ಕೋರ್ಸುಗಳು ಬರುತ್ತಿವೆ. ಸೇರುವ ಮೊದಲು ಆ ಸಂಸ್ಥೆ ಆರ್‌ಸಿಐ ಪಟ್ಟಿಯಲ್ಲಿದೆಯಾ ಎಂದು ಅವರ ವೆಬ್‌ಸೈಟಿನಲ್ಲೇ ನೋಡಿ. ಔಷಧಿ ಬರೆಯುವುದು ಎಂಬಿಬಿಎಸ್ ಮೇಲೆ ಓದಿದ ಮನೋವೈದ್ಯರ ಕೆಲಸ, ನಮ್ಮದಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪಿಜಿಗೆ ಸಾಮಾನ್ಯವಾಗಿ ಸಿಯುಇಟಿ-ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಕೊನೇ ವರ್ಷದ ಓಣಂ ರಜೆ ಮುಗಿದ ಕೂಡಲೇ ಅದಕ್ಕೆ ಓದಲು ಶುರು ಮಾಡಿ.

ಪ್ರಾಕ್ಟಿಕಲ್ ರೆಕಾರ್ಡನ್ನೂ ಪ್ರಾಜೆಕ್ಟಿನ ಒಂದು ಪ್ರತಿಯನ್ನೂ ಸರ್ಟಿಫಿಕೇಟುಗಳ ಜೊತೆ ಇಟ್ಟುಕೊಳ್ಳಿ. ಪಿಜಿ ಇಂಟರ್‌ವ್ಯೂನಲ್ಲಿ ನನ್ನ ಮಾರ್ಕ್ ಕಾರ್ಡನ್ನು ಒಂದು ನಿಮಿಷ ನೋಡಿ ಪಕ್ಕಕ್ಕಿಟ್ಟರು. ಪ್ರಾಜೆಕ್ಟ್ ತೆರೆದು, ಒಂದು ಪ್ರಶ್ನೆಯನ್ನು ಯಾಕೆ ಕೈಬಿಟ್ಟಿದ್ದೀರಿ ಎಂದು ಕೇಳಿದರು. ಉದಾಸೀನದ ಕಥೆ ಹೇಳಿದೆ. ಉಳಿದ ಇಪ್ಪತ್ತು ನಿಮಿಷ ಅದರ ಬಗ್ಗೆಯೇ ಮಾತಾಡಿದೆವು.